ನಲವತ್ತೈದು ದಾಟದ ಮನೆತನ

ಸೊರಡಿಯ ಶಿದ್ರಾಯ ತನ್ನ ಮೊಬೈಲಿಗೆ ಎಂದೂ ಒಂದು ತಿಂಗಳಿಗಿಂತ ಹೆಚ್ಚಿನ ರೀಚಾರ್ಜು ಹಾಕಿಸಿದವನಲ್ಲ. ವರ್ಷದ್ದು ಹಾಕಿಸಿದರೆ ಅಗ್ಗ ಬೀಳುತ್ತದೆ ಎಂದು ಜತ್ತದ ಅಂಗಡಿಯವನು ಹೋದಾಗಲೆಲ್ಲ ಹೇಳುತ್ತಿದ್ದ. ವರ್ಷದ ಕಡೆಯ ತಿಂಗಳುಗಳಲ್ಲಿ ಆ ಫೋನಿನಲ್ಲಿ ಮಾತಾಡುವವರು ಯಾರು ಎಂದು ಶಿದ್ರಾಯ ಕೇಳುತ್ತಿದ್ದ. ಅಂಗಡಿಯವನು ಮತ್ತೆ ತಿಂಗಳದ್ದನ್ನೇ ಹಾಕುತ್ತಿದ್ದ.

ಜಿಪುಣನೇನಲ್ಲ ಶಿದ್ರಾಯ. ಅವನ ಮನೆತನದ ಗಂಡಸರು ನಲವತ್ತೈದು ದಾಟುವುದಿಲ್ಲ, ಅಷ್ಟೆ. ಈ ಸಂಗತಿ ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ನಮ್ಮ ಹೊಲಗಳಲ್ಲಿ ಸಜ್ಜೆ ಬೆಳೆಯುತ್ತದೆ ಎನ್ನುವಷ್ಟೇ ಸಹಜವಾಗಿ ಎಲ್ಲರೂ ಅದನ್ನು ಹೇಳುತ್ತಿದ್ದರು. ಮುತ್ತ್ಯಾನ, ಎಂದರೆ ಅಜ್ಜನ, ಅಪ್ಪ ಅಮಸಿದ್ಧ ನಲವತ್ತರ ಆಚೀಚೆ ಹೋದ. ಮುತ್ತ್ಯಾ ಮಾಳಪ್ಪ ಅಷ್ಟೂ ಬದುಕಲಿಲ್ಲ. ಅಪ್ಪ ಬೀರದೇವ ಹೋದಾಗ ಶಿದ್ರಾಯನಿಗೆ ನಾಲ್ಕು ವರ್ಷ. ಇದಕ್ಕೆ ಕಾರಣವೂ ಊರಿಗೆ ಗೊತ್ತಿತ್ತು. ಒಂದು ಬೇಸಿಗೆಯಲ್ಲಿ ಎಲ್ಲೂ ಹಸಿರು ಸಿಗದೆ ಅಮಸಿದ್ಧ ತನ್ನ ಕುರಿಗಳನ್ನು ಬಿಳೂರ ಕಡೆಯ ದೇವಿಯ ಬನಕ್ಕೆ ನುಗ್ಗಿಸಿದನಂತೆ. ಒಂದು ಎಲೆಯನ್ನೂ ಯಾರೂ ಕೀಳದ ಬನ ಅದು. ದೇವಿ ಸಿಟ್ಟಿಗೆದ್ದು ಬಂದು ಅವನ ಎದೆಯ ಮೇಲೆ ಕಾಲಿಟ್ಟಳು. ಅಲ್ಲಿಂದ ಮುಂದೆ ಆ ಮನೆಯ ಗಂಡಸರ ಎದೆ ನಡುವಯಸ್ಸಿಗೆ ಸೋಲುತ್ತ ಬಂತು.

ತಾಯಿ ಹಣಮವ್ವ ಒಬ್ಬನೇ ಮಗನನ್ನು ಸಾಕಿದ್ದು ಅಂಗೈಯಲ್ಲಿ ಎಣ್ಣೆಯ ಪಣತಿ ಹಿಡಿದು ನಡೆದ ಹಾಗೆ. ಅವನು ಓಡುವಂತಿರಲಿಲ್ಲ, ಬಾವಿಗೆ ಇಳಿಯುವಂತಿರಲಿಲ್ಲ. ನಮ್ಮ ಧನಗರ ಓಣಿಯ, ಎಂದರೆ ಕುರುಬರ ಓಣಿಯ, ಹುಡುಗರೆಲ್ಲ ಡೊಳ್ಳು ಕಟ್ಟಿಕೊಂಡು ಕುಣಿಯುವಾಗ ಅವನು ದೂರದಲ್ಲಿ ಕುಳಿತು ಬೆರಳಿನಿಂದ ತನ್ನ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ. ಸಾಲೆಯಲ್ಲಿ ಕಬಡ್ಡಿ ನಡೆದರೆ ಅವನೇ ಕಾಯಂ ಪಂಚ, ಎಂದರೆ ತೀರ್ಪುಗಾರ. ಆಟದ ಒಂದು ತಂತ್ರವೂ ಮೈಗೆ ಹತ್ತಲಿಲ್ಲವಾದರೂ ನಿಯಮಗಳೆಲ್ಲ ಬಾಯಿಪಾಠವಾದವು. ಎಲ್ಲಕ್ಕಿಂತ ವಿಚಿತ್ರವಾದದ್ದು ಅವನ ನಗು. ಜೋರಾಗಿ ನಕ್ಕರೆ ಎದೆಗೆ ಪೆಟ್ಟು ಎಂದು ಹಣಮವ್ವ ನಂಬಿದ್ದಳು. ಯಾರಾದರೂ ತಮಾಷೆ ಮಾಡಿದರೆ ಸಾಕು, ಅಡುಗೆಮನೆಯಿಂದಲೇ ಅವಳ ದನಿ ಬರುತ್ತಿತ್ತು: "ಸಾವಕಾಶ ನಗೋ, ಶಿದ್ದು." ಹೀಗಾಗಿ ಅವನು ತುಟಿ ಮುಚ್ಚಿಕೊಂಡು, ಮೂಗಿನಲ್ಲಿ ಗಾಳಿ ಬಿಟ್ಟು ನಗುವುದನ್ನು ಕಲಿತ. ನೋಡಿದವರಿಗೆ ಸೀನು ತಡೆದುಕೊಂಡಂತೆ ಕಾಣುತ್ತಿತ್ತು.

ಕುರಿ ಕಾಯುವ ಕೆಲಸಕ್ಕೆ ಇಳಿದಾಗ ಅವನ ಹಿಂಡೂ ಅವನ ಹಾಗೆಯೇ ಆಯಿತು. ಒಡೆಯ ಓಡುವುದಿಲ್ಲವೆಂದು ತಿಳಿದ ಮೇಲೆ ಕುರಿಗಳೂ ಓಡುವುದನ್ನು ಬಿಟ್ಟವು. ಜತ್ತದ ಸಂತೆಯಲ್ಲಿ ಅವನ ಟಗರುಗಳಷ್ಟು ದಪ್ಪನೆಯವು ಬೇರೆ ಯಾರಲ್ಲೂ ಇರುತ್ತಿರಲಿಲ್ಲ. ಗುಟ್ಟೇನು ಎಂದು ಮಂದಿ ಕೇಳಿದರೆ ಅವನು ಮೂಗಿನಲ್ಲಿ ನಗುತ್ತಿದ್ದ.

ಮದುವೆಯೇ ಬೇಡವೆಂದಿದ್ದ. ಬೇರೆಯವರ ಮಗಳನ್ನು ತಂದು ವಿಧವೆ ಮಾಡುವುದು ಯಾತಕ್ಕೆ ಎಂಬುದು ಅವನ ವಾದ. ಹಣಮವ್ವ ಕೇಳಲಿಲ್ಲ. ಮುಚ್ಚಂಡಿಗೆ ಹೆಣ್ಣು ನೋಡಲು ಹೋದಾಗ ಅವನು ಹಿರಿಯರೆಲ್ಲರ ಎದುರಿಗೇ ತನ್ನ ಮನೆತನದ ಕಥೆ ಹೇಳಿಬಿಟ್ಟ. ಹುಡುಗಿ ಇಂದುಬಾಯಿ ಚಹದ ತಟ್ಟೆ ಹಿಡಿದು ನಿಂತವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಆಡಿದ ಮಾತು ಮುಚ್ಚಂಡಿಯಲ್ಲಿ ಇಂದಿಗೂ ನಡೆಯುತ್ತದೆ. "ನಲವತ್ತೈದರ ತನಕ ಜಗಳಾ ಮಾಡಲಾರದ ಇರ್ತೀನಿ ಅಂದ್ರ ನನಗ ಸಾಕ್ರಿ. ನಮ್ಮಪ್ಪಗ ಎಪ್ಪತ್ತಾತು, ಒಂದು ದಿನ ಸುಮ್ಕ ಕುಂತಿಲ್ಲ."

ಶಿದ್ರಾಯ ಮಾತು ಕೊಟ್ಟ, ಉಳಿಸಿಕೊಂಡ. ಅವರ ಮನೆಯಲ್ಲಿ ಜಗಳದ ದನಿ ಯಾರೂ ಕೇಳಲಿಲ್ಲ. ಸ್ವಲ್ಪ ದಿನ ಇದ್ದು ಹೋಗುವ ಬೀಗರ ಹಾಗೆ ಅವನು ತನ್ನ ಮನೆಯಲ್ಲೇ ನಯವಾಗಿ ಬದುಕಿದ. ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುತ್ತಿರಲಿಲ್ಲ. ಮಗಳು ಕಾಜಲ್ ಹುಟ್ಟಿದ ಮೇಲೆ ಒಂದೊಂದಾಗಿ ಎಲ್ಲ ಕೆಲಸವನ್ನೂ ಹೆಂಡತಿಗೆ ಕಲಿಸಿಟ್ಟ: ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದು, ಬೋರಿನ ಮೋಟರು ಕೆಟ್ಟರೆ ಯಾರನ್ನು ಕರೆಯುವುದು. ಹಿತ್ತಲಲ್ಲಿ ಮಾವಿನ ಸಸಿ ಹಚ್ಚೋಣ ಎಂದು ಇಂದುಬಾಯಿ ಕೇಳಿದರೆ, ಮೂರು ತಿಂಗಳಿಗೆ ಬರುವ ಹೀರೇಕಾಯಿ ಸಾಕಲ್ಲ ಎನ್ನುತ್ತಿದ್ದ.

ಹೀಗಿರುವಾಗ ಅವನಿಗೆ ನಲವತ್ತನಾಲ್ಕು ತುಂಬಿತು. ಹಣಮವ್ವ ಮಗನ ಮಂಚವನ್ನು ತನ್ನ ಕಣ್ಣಿಗೆ ಕಾಣುವ ಜಾಗಕ್ಕೆ ಎಳೆಸಿಕೊಂಡಳು. ಅವನು ಹೊಲಕ್ಕೆ ಹೋದರೆ ಹಿಂದಿನಿಂದ ಇವಳೂ ಕೋಲೂರಿಕೊಂಡು ಹೋಗುತ್ತಿದ್ದಳು. ಎಪ್ಪತ್ತು ಸಮೀಪಿಸಿದ ಮುದುಕಿಯ ಏದುಸಿರು ಕೇಳಿ ಅವನೇ ಮತ್ತಷ್ಟು ನಿಧಾನ ಮಾಡುತ್ತಿದ್ದ. ಅದೇ ವರ್ಷ ಕಾಜಲ್‌ಗೆ ಸಾಂಗಲಿಯಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು.

ಸೀಟು ಉಳಿಯಬೇಕಾದರೆ ಜಾತಿ ಪಡತಾಳಣಿಯ, ಎಂದರೆ ಜಾತಿ ಪರಿಶೀಲನೆಯ, ದಾಖಲೆ ಬೇಕು. ತಾವು ತಲೆತಲಾಂತರದಿಂದ ಧನಗರರೇ ಎಂದು ತೋರಿಸುವ ಹಳೆಯ ಕಾಗದ. ಅಮಸಿದ್ಧನೂ ಮಾಳಪ್ಪನೂ ಸಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಹೆಸರು ಸರಕಾರದ ಪುಸ್ತಕದಲ್ಲಿ ಬಂದದ್ದು ಅವರು ಸತ್ತಾಗ ಮಾತ್ರ. ಆಗಿನ ಕಾಲದಲ್ಲಿ ಊರಿನ ಕೋತವಾಲ ಮನೆಮನೆಯ ಸುದ್ದಿ ತಂದು ಹೇಳುತ್ತಿದ್ದ. ಸತ್ತವರ ಹೆಸರು, ಜಾತಿ, ವಯಸ್ಸು, ಕಾರಣ ಎಲ್ಲವೂ ಒಂದೊಂದು ಸಾಲಿನಲ್ಲಿ ದಾಖಲಾಗುತ್ತಿತ್ತು. ಆ ಪುಸ್ತಕಗಳು ಈಗ ಜತ್ತದ ತಹಶೀಲಿಯಲ್ಲಿವೆ. ಶಿದ್ರಾಯ ಅರ್ಜಿ ಕೊಟ್ಟು ಕಾದು, ಮಾಳಪ್ಪ ಸತ್ತ ತಿಂಗಳಿನ ಇಡೀ ಪುಟದ ನಕಲು ಪಡೆದ.

ನಮ್ಮದು ಮರಾಠಿ ರಾಜ್ಯಕ್ಕೆ ಸೇರಿದ ಸೀಮೆ, ಹಾಗಾಗಿ ಪುಟ ಮರಾಠಿಯಲ್ಲಿತ್ತು. ಮಾಳಪ್ಪ, ಧನಗರ, ವಯಸ್ಸು ಮೂವತ್ತೆಂಟು ಎಂಬುದನ್ನೆಲ್ಲ ಅವನೇ ಓದಿದ. ಕಾರಣದ ಕಾಲಮ್ಮಿನಲ್ಲಿ ಮಾತ್ರ "ಹ" ಎಂಬ ಒಂದೇ ಅಕ್ಷರ, ಅದರ ಮುಂದೆ ಒಂದು ಚುಕ್ಕಿ. ಝೆರಾಕ್ಸ್ ಅಂಗಡಿಯಲ್ಲಿ ಪಾಳಿ ಹಚ್ಚಿ ನಿಂತಿದ್ದ ಒಬ್ಬ ಅಪರಿಚಿತ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, ಹ ಅಂದರೆ ಹೃದಯ, ಹಾರ್ಟ್ ಅಟ್ಯಾಕು, ಮತ್ತೇನಿರುತ್ತದೆ ಎಂದು ಹೇಳಿ ತನ್ನ ಕಾಗದ ತಗೊಂಡು ಹೋದ.

ಇಷ್ಟು ದಿನ ಬಾಯಿಮಾತಿನಲ್ಲಿದ್ದದ್ದು ಈಗ ಸರಕಾರಿ ಕಾಗದದಲ್ಲಿ ಕಂಡಿತು. ಶಿದ್ರಾಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತ. ಸೊರಡಿಯ ಬಸ್ಸು ಬಂದು ಹೋದದ್ದು ಅವನಿಗೆ ತಿಳಿಯಲಿಲ್ಲ. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಕಾಗದವನ್ನು ಮಡಿಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ. ಅಂದಿನಿಂದ ಹೆಂಡತಿಗೆ ಕಲಿಸಿದ್ದನ್ನೇ ಮತ್ತೊಮ್ಮೆ ಕಲಿಸತೊಡಗಿದ. ಜಂತಿನ ಔಷಧಿಯ ವಿಷಯ ಕೇಳಿ ಕೇಳಿ ಇಂದುಬಾಯಿಗೆ ಬೇಸರ ಬಂತು.

ಇನ್ನೊಂದು ತಲೆ ಹಿಂದಿನ ಕಾಗದವೂ ಇದ್ದರೆ ಗಟ್ಟಿ ಎಂದು ಯಾರೋ ಹೇಳಿದ್ದರಿಂದ ಅಮಸಿದ್ಧನ ಪುಟವನ್ನೂ ತೆಗೆಸಿದ. ಅದು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿತ್ತು. ಅಕ್ಷರಗಳು ಒಂದರ ಬಾಲ ಒಂದು ಹಿಡಿದು ಇರುವೆಸಾಲಿನಂತೆ ಹೋಗಿದ್ದವು. ಮೋಡಿ ಓದುವವರೆಂದರೆ ಜತ್ತದ ಪೇಟೆಯ ಬಟ್ಟೆ ವ್ಯಾಪಾರಿ ಗುರುಲಿಂಗಪ್ಪನವರು. ತಮ್ಮ ಅಜ್ಜನ ಕಾಲದ ಲೆಕ್ಕದ ವಹಿಗಳನ್ನು ಓದಬೇಕೆಂಬ ಹುಚ್ಚಿಗೆ ಸಾಂಗಲಿಗೆ ಹೋಗಿ ಮೋಡಿ ಕಲಿತವರು. ಈಗ ಪಡತಾಳಣಿಯ ಗದ್ದಲದಲ್ಲಿ ಅವರ ಅಂಗಡಿಗೆ ಸೀರೆ ಕೊಳ್ಳುವವರಷ್ಟೇ ಮಂದಿ ಸತ್ತವರ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಅವರು ಬೇಸರಪಡುತ್ತಿರಲಿಲ್ಲ.

ಶಿದ್ರಾಯ ಕಾಜಲ್‌ಳನ್ನು ಕರೆದುಕೊಂಡು ಹೋದ. ಗುರುಲಿಂಗಪ್ಪನವರು ಬಿಳಿ ಗಾದಿಯ ಮೇಲೆ ಇಬ್ಬರನ್ನೂ ಕೂಡಿಸಿ, ಚಹ ಹೇಳಿ, ಪುಟವನ್ನು ಬೆಳಕಿಗೆ ಹಿಡಿದರು. ಅಮಸಿದ್ಧನ ಸಾಲು ಸಿಕ್ಕಿತು. ಧನಗರ ಎಂದು ಸ್ಪಷ್ಟವಾಗಿದೆ, ನಿಮ್ಮ ಕೆಲಸ ಆಯಿತು ಎಂದರು. ಕಾಜಲ್‌ಳ ಮುಖ ಅರಳಿತು. ಶಿದ್ರಾಯ ಮಾತ್ರ ಏಳಲಿಲ್ಲ. ಕಾರಣದ ಜಾಗದಲ್ಲಿ ಏನು ಬರೆದಿದೆ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ದೇವಿ ಅಂತ ಬರದಾರ," ಎಂದರು ಗುರುಲಿಂಗಪ್ಪನವರು.

ಶಿದ್ರಾಯ ತಲೆಯಾಡಿಸಿದ. ನೋಡಿದೆಯಾ, ಸರಕಾರಕ್ಕೂ ಗೊತ್ತಿತ್ತು ಎಂದು ಮಗಳಿಗೆ ಹೇಳಿದ. ಯಾವ ದೇವಿ, ಏನು ಎಂದು ಗುರುಲಿಂಗಪ್ಪನವರು ಕೇಳಿದಾಗ ಬನದ ಕಥೆಯನ್ನೆಲ್ಲ ಹೇಳಿದ. ಅವರು ಚಹ ಆರಲು ಬಿಟ್ಟು ಕೊನೆಯವರೆಗೂ ಕೇಳಿದರು, ನಡುವೆ ಒಮ್ಮೆ ಹೂಂಗುಟ್ಟಿದರು ಕೂಡ. ಕಥೆ ಮುಗಿದ ಮೇಲೆ ಪುಟವನ್ನು ಅವನ ಕಡೆಗೆ ತಿರುಗಿಸಿ ಬೆರಳಿಟ್ಟರು. ಅಮಸಿದ್ಧನ ಮೇಲಿನ ಸಾಲಿನಲ್ಲಿ ಒಬ್ಬ ಬಳೆಗಾರನ ಹೆಂಡತಿ, ಕಾರಣ ದೇವಿ. ಕೆಳಗಿನ ಸಾಲಿನಲ್ಲಿ ಒಬ್ಬ ಬಡಿಗೇರ, ಕಾರಣ ದೇವಿ. ಅದರ ಕೆಳಗೆ ಕ್ಷೌರಿಕನ ಎರಡು ವರ್ಷದ ಮಗು, ಅದಕ್ಕೂ ದೇವಿ.

"ಈ ಎರಡು ವರ್ಷದ ಕೂಸಿಂದೂ ಒಂದು ಕುರಿ ಹಿಂಡು ಇತ್ತೇನ್ರಿ?" ಎಂದು ಕೇಳಿದರು.

ಶಿದ್ರಾಯ ಬಗ್ಗಿ ಆ ಸಾಲುಗಳನ್ನು ನೋಡಿದ. ಗುರುಲಿಂಗಪ್ಪನವರೇ ಬಿಡಿಸಿ ಹೇಳಿದರು. ಮರಾಠಿಯಲ್ಲಿ ದೇವಿ ಎಂದರೆ ಸಿಡುಬು. ನಮ್ಮ ಕಡೆಯ ಹಳಬರು ಮೈಲಿಬ್ಯಾನಿ ಎನ್ನುತ್ತಿದ್ದರಲ್ಲ, ಅದೇ. ಆ ವರ್ಷ ಸುತ್ತಿನ ಹಳ್ಳಿಗಳಲ್ಲೆಲ್ಲ ಅದು ಹಬ್ಬಿರಬೇಕು, ಪುಟದ ತುಂಬ ಅದೇ ಇದೆ.

ಆಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಮಸಿದ್ಧನನ್ನು ದೇವಿ ಒಯ್ದಳು ಎಂದರೆ ಮೈಮೇಲೆ ಗುಳ್ಳೆ ಎದ್ದು ಸತ್ತ ಎಂದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು. ಆಮೇಲೆ ಸಿಡುಬು ಭೂಮಿಯ ಮೇಲಿಂದಲೇ ಹೋಯಿತು, ಮಾತು ಉಳಿಯಿತು. ದೇವಿ ಯಾಕೆ ಒಯ್ದಳು ಎಂದು ಮಕ್ಕಳು ಕೇಳಿದರು. ಬನವಿತ್ತು, ಕುರಿಗಳಿದ್ದವು, ಯಾರೋ ಒಬ್ಬರು ಉತ್ತರ ಕಟ್ಟಿಕೊಟ್ಟರು. ಕಾಜಲ್ ತನ್ನ ಆಯಿ ಹಣಮವ್ವನ ತೋಳಿನ ಮೇಲಿರುವ ದುಂಡನೆಯ ಕಲೆಗಳನ್ನು ನೆನಪಿಸಿದಳು. ಚಿಕ್ಕಂದಿನಲ್ಲಿ ದೇವಿ ಹಾಕಿಸಿದ್ದು ಎಂದು ಆಯಿಯೇ ಹೇಳುತ್ತಾಳೆ, ಅದು ಸಿಡುಬಿನ ಲಸಿಕೆಯ ಗುರುತು ಎಂದಳು.

ಶಿದ್ರಾಯ ಒಳಜೇಬಿನಿಂದ ಇನ್ನೊಂದು ಕಾಗದ ತೆಗೆದ. ಆ ದೇವಿ ಹೇಗಾದರೂ ಇರಲಿ, ನಮ್ಮ ಮುತ್ತ್ಯಾನದು ಹೃದಯವೇ, ಹ ಎಂದು ಬರೆದಿದ್ದಾರೆ ಎಂದ. ಗುರುಲಿಂಗಪ್ಪನವರು ಕನ್ನಡಕ ಏರಿಸಿಕೊಂಡರು. ಹೃದಯವಾಗಿದ್ದರೆ ಹ ಅಕ್ಷರದ ಕೆಳಗೆ ಒಂದು ಸುಳಿ ಇರಬೇಕಿತ್ತು ಎಂದರು. ಮಾಳಪ್ಪನ ಸಾಲಿನಿಂದ ಮೇಲಕ್ಕೆ ಹೋದರು. ಅಲ್ಲೂ ಹ. ಅದರ ಮೇಲೂ ಹ. ಆರು ವರ್ಷದ ಹುಡುಗಿಗೂ ಹ, ಅವಳ ಅಜ್ಜಿಗೂ ಹ. ಒಂದೇ ಓಣಿ, ಒಂದೇ ಶ್ರಾವಣ. ಪುಟದ ತುದಿಯಲ್ಲಿ ತಿಂಗಳ ಮೊದಲ ಸಾವಿನ ಎದುರಿಗೆ ಮಾತ್ರ ಬರೆದವನು ಇಡೀ ಶಬ್ದ ಬರೆದಿದ್ದ. ಆಮೇಲೆ ಕೈ ಸೋತು ಮೊದಲ ಅಕ್ಷರವಷ್ಟನ್ನೇ ಎಳೆಯುತ್ತ ಹೋಗಿದ್ದ. ಗುರುಲಿಂಗಪ್ಪನವರು ಆ ಶಬ್ದದ ಮುಂದೆ ನಿಂತರು. ಸಭ್ಯ ಮನುಷ್ಯರು ಅವರು, ಅಂಗಡಿಯಲ್ಲಿ ಹೆಣ್ಣುಮಕ್ಕಳು ಸೀರೆ ನೋಡುತ್ತಿದ್ದರು. ದನಿ ಇಳಿಸಿ, "ಹಗವಣ," ಎಂದರು.

ಮರಾಠಿ ಬಲ್ಲ ನಮ್ಮ ಕಡೆಯವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆ ಕೆಟ್ಟು ಸುರಿಯುವ ಭೇದಿ.

"ಜುಲಾಬ ಏನ್ರಿ?" ಎಂದ ಶಿದ್ರಾಯ.

"ಜುಲಾಬ್ರಿ."

"ಎದಿ ಅಲ್ಲೇನ್ರಿ?"

"ಎದಿಗಿಂತ ಭಾಳ ಕೆಳಗ್ರಿ," ಎಂದರು ಗುರುಲಿಂಗಪ್ಪನವರು.

ಕಾಜಲ್ ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು, ತಡೆಯಲಾಗಲಿಲ್ಲ. ಶಿದ್ರಾಯ ಅವಳನ್ನು ನೋಡಿದ, ಕಾಗದವನ್ನು ನೋಡಿದ. ಅವನ ಮೂಗಿನಿಂದ ಎಂದಿನ ಗಾಳಿ ಹೊರಟಿತು, ಆದರೆ ಅಲ್ಲಿಗೆ ನಿಲ್ಲಲಿಲ್ಲ. ಬಾಯಿ ತೆರೆಯಿತು. ಮೊದಲು ಬಂದದ್ದು ಟಗರು ಕೆಮ್ಮಿದಂಥ ದನಿ, ಬಾಯಿ ತೆರೆದು ನಗುವುದು ಅವನಿಗೆ ಗೊತ್ತೇ ಇರಲಿಲ್ಲವಲ್ಲ. ಎರಡನೆಯ ಸಲಕ್ಕೆ ಹದ ಸಿಕ್ಕಿತು. ಮೂರನೆಯದಕ್ಕೆ ಅವನು ಗಾದಿಯ ಮೇಲೆ ಒರಗಿದ, ಹಿಂದಿನ ಕುಪ್ಪಸದ ಖಣಗಳ ಒಟ್ಟಿಲು ಅವನ ಮೇಲೆಯೇ ಜಾರಿ ಬಿತ್ತು. ಕೆಂಪು, ಹಳದಿ, ಹಸಿರು ಖಣಗಳ ನಡುವೆ ಕಾಲು ಕುಣಿಸುತ್ತ ಜುಲಾಬು, ಜುಲಾಬು ಎಂದು ನಕ್ಕ. ಸೀರೆ ನೋಡುತ್ತಿದ್ದ ಹೆಂಗಸರು ವಿಷಯ ತಿಳಿಯದೆಯೇ ನಗಲು ಹತ್ತಿದರು. ಗುರುಲಿಂಗಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸುಸ್ತಾಗಿ ನಗು ನಿಂತಾಗ ಶಿದ್ರಾಯನ ಅಂಗೈ ತನ್ನಿಂದ ತಾನೇ ಎದೆಯ ಮೇಲೆ ಹೋಗಿತ್ತು. ಒಳಗೆ ಅದು ದಬದಬ ಬಡಿಯುತ್ತಿತ್ತು, ಆರಾಮಾಗಿತ್ತು.

ಸ್ವಲ್ಪ ಹೊತ್ತಿಗೆ ಅವನಿಗೇ ನಾಚಿಕೆಯಾಯಿತು. ಒಂದು ಓಣಿಗೆ ಓಣಿಯೇ ಸತ್ತಿದೆ, ಕೆಟ್ಟ ನೀರು ಕುಡಿದಿರಬೇಕು, ಉಪ್ಪು ಸಕ್ಕರೆ ಕಲಸಿ ಕುಡಿಸುವವರೂ ಇರಲಿಲ್ಲವೇನೋ ಪಾಪ ಎಂದ. ಮಾಳಪ್ಪನ ಸಾಲನ್ನು ಬೆರಳಿನಿಂದ ಸವರಿದ. ಆಮೇಲೆ ಚಹ ಕುಡಿಯಲು ಹೋಗಿ ಮತ್ತೆ ನಗು ಬಂದು ಅಂಗಿಯೆಲ್ಲ ತೊಯ್ದುಕೊಂಡ.

ಉಳಿದದ್ದು ಅಪ್ಪ ಬೀರದೇವನ ಸಾವು. ಅವನ ಕಾಗದ ಮನೆಯಲ್ಲೇ ಹಣಮವ್ವನ ಟ್ರಂಕಿನಲ್ಲಿತ್ತು. ಸತ್ತವರ ಕಾಗದವನ್ನು ಮಗ ಓದಬಾರದು, ಅಪಶಕುನ ಎಂದು ಅವಳು ಅದನ್ನು ಎಂದೂ ಹೊರಗೆ ತೆಗೆದಿರಲಿಲ್ಲ. ಅವಳಿಗಂತೂ ಓದಲು ಬರುತ್ತಿರಲಿಲ್ಲ. ಅಂದು ಮನೆಗೆ ಬಂದವರು ನಗುತ್ತ ನಗುತ್ತ ಎಲ್ಲ ಹೇಳಿದಾಗ ಅವಳು ನಂಬಲಿಲ್ಲ. ಅವರಿಬ್ಬರದು ಏನಾದರೂ ಇರಲಿ, ನನ್ನ ಗಂಡನನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎಂದಳು. ಕಾಜಲ್ ಬಹಳ ಬೇಡಿಕೊಂಡ ಮೇಲೆ ಟ್ರಂಕು ತೆರೆದಳು.

ಬೀರದೇವನನ್ನು ಕೊನೆಯ ಗಳಿಗೆಯಲ್ಲಿ ದವಾಖಾನೆಗೆ ಒಯ್ದಿದ್ದರು. ಹೀಗಾಗಿ ಅವನ ಕಾಗದದ ಮೇಲೆ ಕಾರಣ ಪೂರ್ತಿಯಾಗಿ, ಯಾರಿಗೂ ಓದಲು ಬರುವಂತೆ ಇತ್ತು. ಕಾಜಲ್ ಓದಿದಳು: ಧನುರ್ವಾತ, ಎಂದರೆ ಧನುರ್ವಾಯು.

ಆಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅಜ್ಜ ಹೇಗೆ ಹೋದ, ಇದ್ದದ್ದು ಇದ್ದ ಹಾಗೆ ಹೇಳು ಎಂದಳು. ಹಣಮವ್ವ ಹೇಳಿದಳು.

"ಎದಿ ಮುಂದ ಬಿತ್ತು, ಬೆನ್ನು ಬಿಲ್ಲ ಆದಂಗ ಆತು. ಹಲ್ಲು ಕಚ್ಚಿದಾಂವ ಬಿಡಲಿಲ್ಲ. ಒಂದು ಹನಿ ನೀರು ಬಾಯಾಗ ಹೋಗಲಿಲ್ಲ. ಮಂದಿ ಎದಿ ಹಿಡೀತು ಅಂದ್ರು, ನಾನೂ ಹೌದು ಅಂದೆ."

ಅದಕ್ಕೂ ಮೊದಲು ಎಲ್ಲಾದರೂ ಗಾಯವಾಗಿತ್ತೇ ಎಂದು ಕಾಜಲ್ ಕೇಳಿದಳು. ಹಣಮವ್ವ ಅದೇನು ದೊಡ್ಡದಲ್ಲ ಎಂದಳು. ಕುರಿಯ ಉಣ್ಣೆ ಕತ್ತರಿಸುವಾಗ ಕತ್ತರಿ ಅಂಗೈಗೆ ಚುಚ್ಚಿತ್ತು, ತಂಬಾಕು ಒತ್ತಿ ಕಟ್ಟಿಕೊಂಡಿದ್ದ, ಮರೆತೇ ಬಿಟ್ಟಿದ್ದರು. ಅಂಥ ಗಾಯದಿಂದಲೇ ಧನುರ್ವಾಯು ಬರುತ್ತದೆ, ಮೈ ಬಿಲ್ಲಿನಂತೆ ಸೆಟೆಯುವುದರಿಂದಲೇ ಅದಕ್ಕೆ ಆ ಹೆಸರು, ಎದೆಗೂ ಅದಕ್ಕೂ ಸಂಬಂಧವಿಲ್ಲ, ಅಪ್ಪನಿಂದ ಮಕ್ಕಳಿಗೆ ಇಳಿದು ಬರುವ ರೋಗವೂ ಅಲ್ಲ ಎಂದು ಕಾಜಲ್ ತಿಳಿಸಿ ಹೇಳಿದಳು.

ಮುದುಕಿ ನಗಲಿಲ್ಲ. ಕಾಗದವನ್ನು ಕೈಗೆ ತಗೊಂಡು ಓದುವವಳ ಹಾಗೆ ನೋಡಿದಳು. "ಒಂದು ಸೂಜಿ ಮಾಡಿಸಿದ್ರ ಉಳೀತಿದ್ನೇನು?" ಎಂದು ಕೇಳಿದಳು. ಕಾಜಲ್ ಅಪ್ಪನ ಕಡೆ ನೋಡಿದಳು. ಆಗ ಇದೆಲ್ಲ ಯಾರಿಗೆ ಗೊತ್ತಿತ್ತವ್ವಾ ಎಂದು ಶಿದ್ರಾಯ ತಾಯಿಯ ಕೈ ಹಿಡಿದ. ಇಂದುಬಾಯಿ ಒಳಗಿನಿಂದ ನೀರು ತಂದುಕೊಟ್ಟಳು. ಹಣಮವ್ವ ನೀರು ಕುಡಿದು ಚೆಂಬು ಕೆಳಗಿಟ್ಟಳು. ಆಮೇಲೆ, "ನಲವತ್ತು ವರ್ಷ ಆಕಿನ್ನ ಬೈದೆನಲ್ಲೋ," ಎಂದಳು.

ದೇವಿಯನ್ನು ಬೈದದ್ದರ ಮಾತು ಅದು. ಗಂಡ ಹೋದಂದಿನಿಂದ ಹಣಮವ್ವ ಬಿಳೂರ ಕಡೆ ತಲೆ ಹಾಕಿ ಮಲಗಿರಲಿಲ್ಲ. ಮರುದಿನ ಸೊಸೆಯಿಂದ ಕಡಬು ಮಾಡಿಸಿಕೊಂಡು, ಸೊಸೆಯನ್ನೇ ಕರೆದುಕೊಂಡು ಬಸ್ಸು ಹತ್ತಿ ಬನಕ್ಕೆ ಹೋದಳು. ಕಡಬು ಇಟ್ಟು ಅಡ್ಡಬಿದ್ದಳು, ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡಳು. ಎದ್ದು ನಿಂತ ಮೇಲೆ ಅವಳಿಗೆ ಮತ್ತೆ ಸಿಟ್ಟು ಬಂದಿತಂತೆ. ಇಷ್ಟು ವರ್ಷ ಬೈಸಿಕೊಂಡು ಸುಮ್ಮನೆ ಕೂಡುವ ಬದಲು ನಾನಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ದೇವಿಗೆ ಚೆನ್ನಾಗಿ ಕೇಳಿ ಬಂದಳು. ಬರುವ ದಾರಿಯುದ್ದಕ್ಕೂ ಇಂದುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳಂತೆ.

ಕಾಜಲ್ ಇಷ್ಟಕ್ಕೇ ಬಿಡಲಿಲ್ಲ. ಅಪ್ಪನನ್ನು ಆರೋಗ್ಯ ಕೇಂದ್ರದ ಡಾಕ್ಟರು ವಿಜಯಶ್ರೀ ಅವರ ಬಳಿ ಕರೆದೊಯ್ದಳು. ಅವರು ಮೂರೂ ಕಾಗದಗಳನ್ನು ಕುತೂಹಲದಿಂದ ನೋಡಿದರು. ಆಗಿನ ಕಾಲದಲ್ಲಿ ಮನೆಯವರು ಏನು ಹೇಳಿದರೋ ಅದೇ ಪುಸ್ತಕಕ್ಕೆ ಹೋಗುತ್ತಿತ್ತು. ಎಷ್ಟೋ ಕಡೆ ಜ್ವರ ಎಂದಿರುತ್ತದೆ, ಯಾವ ಜ್ವರ ಎಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಇದನ್ನೇ ಪೂರ್ತಿ ನಂಬಬೇಡಿ ಎಂದರು. ಆದರೂ ಒಂದೊಂದು ಒಂದೊಂದು ರೋಗ, ಒಂದರಲ್ಲೂ ಎದೆಯ ಸುದ್ದಿಯಿಲ್ಲ, ನಿಮ್ಮ ಎದೆಯನ್ನು ನಿಮ್ಮ ಮೈಯಲ್ಲೇ ನೋಡೋಣ ಎಂದು ಹೇಳಿ ಜತ್ತಕ್ಕೆ ಕಳಿಸಿ ಇಸಿಜಿ ತೆಗೆಸಿದರು. ಪಟ್ಟಿ ನೋಡಿ, ಎದೆ ಚಲೋ ಇದೆ, ತಂಬಾಕು ಬಿಡಿ ಎಂದರು.

"ಹೆಂಗೂ ಹೋಗಾಂವ ಅಂತ ತಿಂತಿದ್ನಿರಿ," ಎಂದ ಶಿದ್ರಾಯ.

ಇನ್ನು ಹೋಗುವುದಿಲ್ಲವಲ್ಲ, ಈಗ ಬಿಡಲೇಬೇಕು ಎಂದರು ಡಾಕ್ಟರು. ಬದುಕಬೇಕಾದರೆ ಇಂಥ ಕಷ್ಟಗಳೂ ಇರುತ್ತವೆ ಎಂದು ಅವನಿಗೆ ಹೊಳೆದದ್ದು ಆಗಲೇ. ಏಳುವ ಮುಂಚೆ ಧನುರ್ವಾಯುವಿನ ಸೂಜಿ ತನಗೂ, ಹೆಂಡತಿಗೂ, ಹೊರಗೆ ಕುಳಿತ ತಾಯಿಗೂ ಹಾಕಬೇಕೆಂದು ಹಟ ಹಿಡಿದ.

ಆಮೇಲಿನ ದಿನಗಳನ್ನು ಸೊರಡಿ ಮರೆಯುವುದಿಲ್ಲ. ಶಿದ್ರಾಯ ಓಡಿದ. ಹೊಲಕ್ಕೆ ಓಡಿದ, ಹೊಲದಿಂದ ಓಡಿ ಬಂದ, ಏನೂ ಕೆಲಸವಿಲ್ಲದೆ ಮಾರುತಿ ಗುಡಿಯ ತನಕ ಓಡಿ ಹೋಗಿ ಬಂದ. ಒಡೆಯ ಓಡುವುದನ್ನು ಕಂಡು ಕುರಿಗಳು ದಿಕ್ಕುಗೆಟ್ಟು ಹೊಲ ಹೊಲಕ್ಕೆ ಚದುರಿದವು, ಅವನ್ನು ಕೂಡಿಸಲು ಅವನು ಇನ್ನಷ್ಟು ಓಡಿದ. ನಡುವಿಗೆ ಎಣ್ಣೆಯ ಖಾಲಿ ಡಬ್ಬ ಕಟ್ಟಿಕೊಂಡು ಬಾವಿಗೆ ಇಳಿದು, ಚಿಕ್ಕ ಮಕ್ಕಳ ಜೊತೆ ಈಜು ಕಲಿತ. ಗೆಳೆಯರ ಡೊಳ್ಳು ಕಟ್ಟಿಕೊಂಡು ಅದನ್ನು ಎಷ್ಟು ಬಡಿದನೆಂದರೆ, ಬಡಿಯಬೇಡ ಎಂದು ಹೇಳಲು ಅವರಿಗೆ ಸಂಕೋಚ, ಕೇಳಿಕೊಂಡಿರಲು ಕಷ್ಟ. ಜತ್ತಕ್ಕೆ ಹೋಗಿ ವರ್ಷದ ರೀಚಾರ್ಜು ಹಾಕಿಸಿಕೊಂಡು ಬಂದು, ಕಂಡಕಂಡವರಿಗೆಲ್ಲ ಫೋನು ಹಚ್ಚಿ ಜುಲಾಬಿನ ಕಥೆ ಹೇಳಿದ. ಬಿಳೂರಿನ ಒಬ್ಬ ಬೀಗರಂತೂ ಊಟಕ್ಕೆ ಕುಳಿತಾಗಲೇ ಎರಡು ಸಲ ಕೇಳಬೇಕಾಯಿತು.

ಹಿತ್ತಲಲ್ಲಿ ಮಾವು ಹಚ್ಚಿದ. ಸಾಲದೆಂದು ಹುಣಸೆ ಹಚ್ಚಿದ. ಜಗಳವನ್ನೂ ಕಲಿತ. ಸಾರಿನ ಉಪ್ಪಿನಿಂದ ಶುರುವಾದದ್ದು ಇಪ್ಪತ್ತು ವರ್ಷದ ಬಾಕಿಯನ್ನೆಲ್ಲ ಎಳೆದು ತಂದಿತು. ಇಂದುಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಸರಿಸಮ ನಿಂತಳು. ಓಣಿಯವರು ಕೆಲಸ ಬಿಟ್ಟು ಕೇಳಲು ಬಂದರು. ಕೊನೆಗೆ ಅವಳು ಸುಸ್ತಾಗಿ, "ಸಾಯಾಕ ಹತ್ತಿದಾಗ ಎಷ್ಟು ಚಲೋ ಇದ್ರಿ," ಎಂದಳು. ಅದನ್ನು ಕೇಳಿ ಅವನಿಗೆ ನಗು ಬಂತು, ಅವನ ನಗು ನೋಡಿ ಅವಳಿಗೂ ಬಂತು. ಅಲ್ಲಿಗೆ ಆ ಜಗಳ ನಿಂತಿತು.

ಕಾಜಲ್‌ಳ ಪಡತಾಳಣಿಯ ದಾಖಲೆ ಕೈಗೆ ಬಂತು. ಸಾಂಗಲಿಯ ಬಸ್ಸು ಹತ್ತುವಾಗ ಅಪ್ಪನಿಗೆ ಅವಳು ಹೇಳಿದ ಬುದ್ಧಿಮಾತೆಂದರೆ, ಕಂಡ ಮರಗಳನ್ನೆಲ್ಲ ಹತ್ತಬೇಡ ಎಂಬುದು. ಅವನು ನಲವತ್ತೈದು ಮುಗಿಸಿದ ದಿನ ಹಣಮವ್ವ ಮಂಚವನ್ನು ಅದರ ಹಳೆಯ ಜಾಗಕ್ಕೆ ಎಳೆಸಿದಳು.

ಈಗ ಅವನು ನಲವತ್ತಾರರಲ್ಲಿದ್ದಾನೆ. ಹೋದ ತಿಂಗಳು ವಿಜಯಶ್ರೀ ಡಾಕ್ಟರ ಮುಂದೆ ಕುಳಿತಿದ್ದ. ನಾನು ಕೆಮ್ಮಿಗೆ ಔಷಧಿ ತರಲು ಹೋದವನು ಅದೇ ಪಾಳಿಯಲ್ಲಿದ್ದೆ. ಬಲಗಾಲಿನ ಮೊಣಕಾಲು ನೋಯುತ್ತದೆ, ಕುಳಿತರೆ ಏಳಲಾಗುವುದಿಲ್ಲ, ಎದ್ದರೆ ಕಟಕಟ ಎನ್ನುತ್ತದೆ ಎಂದು ಹೇಳುತ್ತಿದ್ದ. ಹೇಳುವಾಗ ಅವನ ಮುಖ ಮಗ ಪಾಸಾದ ಸುದ್ದಿ ಹೇಳುವವರಂತೆ ಬೆಳಗುತ್ತಿತ್ತು. ಡಾಕ್ಟರು ಕಾಲು ಮಡಿಚಿ, ಚಾಚಿ ನೋಡಿದರು. ಸವಕಳಿ ಶುರುವಾಗಿದೆ, ವಯಸ್ಸಾಗುತ್ತ ಬಂದಂತೆ ಇದು ಇದ್ದದ್ದೇ, ಓಡುವುದು ಕಡಿಮೆ ಮಾಡಿ ಎಂದರು. ಶಿದ್ರಾಯ ಹೊರಗೆ ಬಂದು ಪಾಳಿಯಲ್ಲಿದ್ದ ನಮ್ಮೆಲ್ಲರ ಮುಂದೆ ನಿಂತು ಧೋತರ ಎತ್ತಿ ಮೊಣಕಾಲು ತೋರಿಸಿದ.

"ನಮ್ಮ ಮನ್ಯಾಗ ಮೊಣಕಾಲು ಸವದ ಮೊದಲನೇ ಗಂಡಸು ನಾನ ನೋಡ್ರಿ," ಎಂದ.

ಮುಲಾಮಿನ ಕೊಳವೆಯನ್ನು ಜೇಬಿಗೆ ಹಾಕಿಕೊಂಡು, ಕುಂಟುತ್ತ, ಬಸ್ಸಿನ ಕಡೆಗೆ ಹೋದ.